ಹೆಸರು ಗೊತ್ತಿಲ್ಲದವರಿಗೂ ಸಿಗುವಂತೆ ಫಂಕ್ಷನ್ ಸೂಚಿ ಕಟ್ಟುವುದು ಹೇಗೆ?

ಆಕ್ಟೇವ್ ಎಂಬ ಗಣಿತ ತಂತ್ರಾಂಶ ಕಲಿಯುತ್ತಿದ್ದ ಗೆಳೆಯನೊಬ್ಬ ಒಂದು ಸಂಜೆ ಫೋನ್ ಮಾಡಿದ. ಎಕ್ಸ್ ಮತ್ತು ಕಾಸ್ ಎಕ್ಸ್ ಎಲ್ಲಿ ಸಮವಾಗುತ್ತವೆ ಎಂದು ಅವನಿಗೆ ಕಂಡುಹಿಡಿಯಬೇಕಿತ್ತು. ಸೂಚಿಯಲ್ಲಿ ‘ರೂಟ್ಸ್’ ಎಂಬ ಫಂಕ್ಷನ್ ಕಂಡು, ಅದಕ್ಕೆ ತನ್ನ ಸಮೀಕರಣವನ್ನು ಕೊಟ್ಟಿದ್ದ. ಬರೀ ದೋಷದ ಸಂದೇಶ. ರೂಟ್ಸ್ ಕೇಳುವುದು ಬಹುಪದೋಕ್ತಿಯ ಸಹಗುಣಕಗಳನ್ನು ಮಾತ್ರ. ಅವನಿಗೆ ಬೇಕಿದ್ದುದು ‘ಎಫ್‌ಜೀರೋ’. ಸೊನ್ನೆಯಿಂದ ಒಂದರವರೆಗಿನ ಅಂತರವನ್ನು ಕೊಟ್ಟರೆ 0.7391 ಎಂಬ ಉತ್ತರ ಕಣ್ಣುಮುಚ್ಚಿ ತೆರೆಯುವುದರೊಳಗೆ ಬರುತ್ತದೆ. ಆದರೆ ಅದು ಸೂಚಿಯಲ್ಲಿರುವುದು ‘ಎಫ್’ ಅಕ್ಷರದ ಕೆಳಗೆ. ಸಮೀಕರಣದ ಮೂಲ ಹುಡುಕಲು ಹೊರಟವನು ‘ಎಫ್’ ಅಕ್ಷರಕ್ಕೆ ಯಾಕೆ ಹೋಗುತ್ತಾನೆ?

ಗಣಿತ ತಂತ್ರಾಂಶಗಳ ಕೈಪಿಡಿ ಬರೆಯುವ ನಾವೆಲ್ಲ ಮಾಡುವ ತಪ್ಪು ಇದೇ. ಫಂಕ್ಷನ್‌ಗಳನ್ನು ಎ‌ಯಿಂದ ಝಡ್‌ವರೆಗೆ ಜೋಡಿಸಿ, ಸೂಚಿ ಮುಗಿಯಿತು ಎಂದು ಕೈತೊಳೆದುಕೊಳ್ಳುತ್ತೇವೆ. ಅಂಥ ಪಟ್ಟಿ ನೆರವಾಗುವುದು ಹೆಸರು ಆಗಲೇ ಗೊತ್ತಿರುವವನಿಗೆ. ಕೈಪಿಡಿ ತೆರೆಯುವವರಲ್ಲಿ ಬಹಳ ಮಂದಿಗೆ ಗೊತ್ತಿರುವುದು ತಮ್ಮ ಲೆಕ್ಕ ಮಾತ್ರ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಸೂಚಿ ಕಟ್ಟುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಕೈಪಿಡಿ ಸಿದ್ಧಪಡಿಸುವ ನಿಮ್ಮ ಉಪಕರಣ ಸ್ಫಿಂಕ್ಸ್ ಆಗಿರಲಿ, ಟೆಕ್ಸಿನ್ಫೋ ಆಗಿರಲಿ, ಕ್ರಮ ಹೆಚ್ಚುಕಡಿಮೆ ಒಂದೇ.

ಹಂತ 1: ಇರುವುದನ್ನೆಲ್ಲ ಎಣಿಸಿ

ಪಟ್ಟಿಯನ್ನು ಕೈಯಿಂದ ಬರೆಯಬೇಡಿ, ನೆನಪಿನಿಂದಂತೂ ಬೇಡವೇ ಬೇಡ. ಸೋರ್ಸ್ ಕೋಡ್ ಓದಿ ಹೆಸರುಗಳನ್ನು ಹೆಕ್ಕುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದರೆ ಸಾಕು. ಬಂದದ್ದನ್ನು ಒಂದು ಸ್ಪ್ರೆಡ್‌ಶೀಟಿಗೆ ಹಾಕಿ, ಐದು ಕಾಲಂ ಮಾಡಿ: ಹೆಸರು, ಒಂದು ಸಾಲಿನ ವಿವರ, ವಿಷಯ, ಜನ ಕರೆಯುವ ಬೇರೆ ಹೆಸರುಗಳು, ಸ್ಥಿತಿ (ಬಳಕೆಯಲ್ಲಿದೆಯೋ, ಹಳತಾಗಿದೆಯೋ). ಮುಂದಿನ ಹಂತಗಳೆಲ್ಲ ಈ ಕಾಲಂಗಳನ್ನು ತುಂಬುವ ಕೆಲಸವೇ.

ಒಳಬಳಕೆಯ ಫಂಕ್ಷನ್‌ಗಳನ್ನು ಈಗಲೇ ಬೇರ್ಪಡಿಸಿ. ಪೈಥಾನಿನಲ್ಲಿ ಅಡಿಗೆರೆಯಿಂದ ಶುರುವಾಗುವ ಹೆಸರುಗಳು ಒಳಬಳಕೆಯವು ಎಂಬ ರೂಢಿ ಇದೆ. ಹಾಗೆ ಗುರುತಿಲ್ಲದ ಒಂದನ್ನು ನಾನು ಒಮ್ಮೆ ನೋಡದೆ ಸೂಚಿಗೆ ಸೇರಿಸಿಬಿಟ್ಟಿದ್ದೆ. ಯಾರೋ ಅದನ್ನು ನೆಚ್ಚಿಕೊಂಡು ತಮ್ಮ ಪ್ರೋಗ್ರಾಂ ಬರೆದರು, ಆಮೇಲೆ ಅದನ್ನು ಬದಲಿಸುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಸೂಚಿಯಲ್ಲಿ ಬಂತೆಂದರೆ ಅದು ಕೊಟ್ಟ ಮಾತು ಎಂದೇ ಓದುಗ ತಿಳಿಯುತ್ತಾನೆ.

ಹಂತ 2: ಒಂದು ಸಾಲಿನ ವಿವರಕ್ಕೆ ಸಮಯ ಕೊಡಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಫಂಕ್ಷನ್ನಿನ ವಿವರಣೆಯ ಮೊದಲ ಸಾಲು ಕೇವಲ ಮೊದಲ ಸಾಲಲ್ಲ, ಬೇರೆ ಬೇರೆ ಕಡೆ ಅದೇ ಓಡಾಡುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಅದಕ್ಕೆ ‘ಎಚ್1 ಸಾಲು’ ಎಂಬ ಹೆಸರೇ ಇದೆ. ‘ಲುಕ್‌ಫಾರ್’ ಆಜ್ಞೆ ಮೊದಲು ಜಾಲಾಡುವುದು ಅದನ್ನೇ. ಆಕ್ಟೇವ್‌ನ ಲುಕ್‌ಫಾರ್ ಕೂಡ ಸಹಾಯ ಪಠ್ಯದ ಮೊದಲ ವಾಕ್ಯವನ್ನು ನೋಡುತ್ತದೆ. ಸೇಜ್‌ಮ್ಯಾಥ್‌ನಲ್ಲಿ ಮಾಡ್ಯೂಲಿನ ಸೂಚಿ ಕೋಷ್ಟಕವನ್ನು ಕೋಡೇ ತಯಾರಿಸುತ್ತದೆ: ಎಡಕ್ಕೆ ಹೆಸರು, ಬಲಕ್ಕೆ ಕೋಡಿನೊಳಗಿನ ವಿವರಣೆಯ, ಅಂದರೆ ಡಾಕ್‌ಸ್ಟ್ರಿಂಗ್‌ನ ಮೊದಲ ಸಾಲು. ಅಲ್ಲಿ ಮೊದಲ ಸಾಲು ಸಪ್ಪೆಯಾದರೆ ಸೂಚಿಯೂ ಸಪ್ಪೆ.

ಸಪ್ಪೆ ಸಾಲು ಹೇಗಿರುತ್ತದೆಂದರೆ: ‘ಈ ಫಂಕ್ಷನ್ ಮೂಲಗಳನ್ನು ಲೆಕ್ಕ ಹಾಕಲು ಉಪಯುಕ್ತವಾಗಿದೆ.’ ಯಾವುದರ ಮೂಲ? ಎಷ್ಟು ಮೂಲ? ನಿಖರವೋ, ಅಂದಾಜೋ? ಅದನ್ನೇ ತಿದ್ದಿ ಬರೆದರೆ: ‘ಒಂದು ಚರಾಕ್ಷರದ ನಿರಂತರ ಫಂಕ್ಷನ್ನಿಗೆ, ಕೊಟ್ಟ ಅಂತರದೊಳಗೆ ಒಂದು ಮೂಲವನ್ನು ಸಂಖ್ಯಾತ್ಮಕವಾಗಿ ಹುಡುಕುತ್ತದೆ.’ ಇದನ್ನು ಓದಿದವನಿಗೆ ಒಳಗೆ ಹೋಗಬೇಕೋ ಬೇಡವೋ ಎಂಬುದು ಹೊಸ್ತಿಲಲ್ಲೇ ಗೊತ್ತಾಗುತ್ತದೆ. ಏನನ್ನು ಪಡೆಯುತ್ತದೆ, ಏನನ್ನು ಕೊಡುತ್ತದೆ, ನಿಖರವೋ ಅಂದಾಜೋ, ಇಷ್ಟು ಬಂದರೆ ಸಾಲು ತುಂಬಿತು. ‘ಈ ಫಂಕ್ಷನ್’ ಎಂದು ಶುರುಮಾಡುವ ಚಾಳಿಯನ್ನು ಬಿಡಿ. ಇನ್ನೂರು ಸಾಲು ಹಾಗೆ ಶುರುವಾದರೆ ಕಣ್ಣು ಜಾರಿ ಹೋಗುತ್ತದೆ, ಯಾವುದೂ ಮನಸ್ಸಿಗೆ ಹತ್ತುವುದಿಲ್ಲ.

ರೂಢಿಯಲ್ಲಿ ಎರಡು ಬಗೆ ಇರುವ ಕಡೆ, ನಿಮ್ಮದು ಯಾವ ಬಗೆ ಎಂಬುದನ್ನೂ ಈ ಸಾಲಿನಲ್ಲೇ ಹೇಳಬೇಕು. ಮೊದಲ ಬಗೆಯ ಪೂರ್ಣ ಎಲಿಪ್ಟಿಕ್ ಇಂಟಿಗ್ರಲ್ ಅನ್ನು ತೆಗೆದುಕೊಳ್ಳಿ. ಪೈಥಾನಿನ ಸೈಪೈ ಲೈಬ್ರರಿಯ ‘ಎಲಿಪ್‌ಕೆ’ ಕೇಳುವುದು ಎಂ ಎಂಬ ಪ್ಯಾರಾಮೀಟರ್. ಮೇಪಲ್ ತಂತ್ರಾಂಶ ಕೇಳುವುದು ಕೆ ಎಂಬ ಮಾಡ್ಯುಲಸ್. ಕೆ‌ಯ ವರ್ಗವೇ ಎಂ. 0.5 ಎಂಬ ಒಂದೇ ಸಂಖ್ಯೆಯನ್ನು ಎರಡಕ್ಕೂ ಕೊಟ್ಟರೆ ಒಂದು ಕಡೆ 1.8541 ಬರುತ್ತದೆ, ಇನ್ನೊಂದು ಕಡೆ 1.6858. ಎರಡೂ ಸರಿ. ಯಾವ ತಂತ್ರಾಂಶವೂ ಎಚ್ಚರಿಕೆ ಕೊಡುವುದಿಲ್ಲ, ದೋಷದ ಸಂದೇಶವೂ ಇಲ್ಲ; ಬಳಸುವವನು ಮೂರು ದಿನ ತನ್ನ ಸೂತ್ರವನ್ನೇ ಶಂಕಿಸುತ್ತ ಕೂರುತ್ತಾನೆ. ‘ಪ್ಯಾರಾಮೀಟರ್ ಎಂ, ಅಂದರೆ ಕೆ ವರ್ಗ’ ಎಂಬ ಐದು ಪದ ಸೂಚಿಯಲ್ಲೇ ಇದ್ದರೆ ಈ ಗೋಳು ತಪ್ಪುತ್ತದೆ.

ಹಂತ 3: ವಿಷಯವಾರು ಮನೆಗಳನ್ನು ಕಟ್ಟಿ

ಈಗ ಪ್ರತಿಯೊಂದು ಫಂಕ್ಷನ್ನಿಗೂ ಒಂದು ವಿಷಯ. ಇಲ್ಲಿ ಸುಲಭದ ದಾರಿಯೊಂದು ಕೈಬೀಸಿ ಕರೆಯುತ್ತದೆ: ಕೋಡ್ ಯಾವ ಕಡತದಲ್ಲಿದೆಯೋ ಅದನ್ನೇ ವಿಷಯವಾಗಿ ಬಳಸುವುದು. ಹೋಗಬೇಡಿ. ಕಡತಗಳು ಹುಟ್ಟುವುದು ಬರೆದವರ ಅನುಕೂಲಕ್ಕೆ. ಎರಡು ಫಂಕ್ಷನ್‌ಗಳು ಒಂದೇ ಸಹಾಯಕ ಕೋಡ್ ಹಂಚಿಕೊಂಡಿವೆ ಎಂಬ ಕಾರಣಕ್ಕೆ ಒಂದೇ ಸೂರಿನಡಿ ಇರುತ್ತವೆ.

ಬದಲಿಗೆ ಗಣಿತದ ಕೆಲಸವನ್ನು ಆಧಾರವಾಗಿಡಿ. ಅಮೆರಿಕದ ನಿಸ್ಟ್ ಸಂಸ್ಥೆಯ ಗ್ಯಾಮ್ಸ್ ವರ್ಗೀಕರಣ ಇದಕ್ಕೆ ಒಳ್ಳೆಯ ಮಾದರಿ. ಅದು ಬೆಳೆಯುವುದು ಸಮಸ್ಯೆಯ ಜಾಡು ಹಿಡಿದು. ಸಿ ಎಂದರೆ ಪ್ರಾಥಮಿಕ ಮತ್ತು ವಿಶೇಷ ಫಂಕ್ಷನ್‌ಗಳು, ಡಿ ಎಂದರೆ ರೇಖೀಯ ಬೀಜಗಣಿತ, ಎಚ್ ಎಂದರೆ ಅವಕಲನ ಮತ್ತು ಅನುಕಲನ. ಎಚ್2 ಸಂಖ್ಯಾತ್ಮಕ ಅನುಕಲನ. ಅದರೊಳಗೆ ಒಂದು ಆಯಾಮದ್ದು. ಅದರೊಳಗೆ ಅಂತರ ಸೀಮಿತವೋ, ಒಂದು ಕಡೆ ಅನಂತವೋ, ಎರಡೂ ಕಡೆ ಅನಂತವೋ. ಪ್ರತಿ ಕವಲಿನಲ್ಲೂ ಓದುಗನಿಗೆ ತನ್ನ ಲೆಕ್ಕದ ಬಗ್ಗೆಯೇ ಪ್ರಶ್ನೆ ಎದುರಾಗುತ್ತದೆ, ಮತ್ತು ಅದಕ್ಕೆ ಉತ್ತರ ಅವನಿಗೆ ಗೊತ್ತಿರುತ್ತದೆ. ನಿಮ್ಮ ಲೈಬ್ರರಿಗೆ ಅಷ್ಟು ಆಳದ ಮರ ಬೇಕಿಲ್ಲ. ಎರಡು ಮಟ್ಟ ಸಾಕು. ಮೂರನೆಯದನ್ನು ಸೇರಿಸುವ ಮುನ್ನ ಒಂದು ರಾತ್ರಿ ಯೋಚಿಸಿ.

ಸಂಖ್ಯಾಸಿದ್ಧಾಂತದ ತಂತ್ರಾಂಶ ಪಾರಿ/ಜಿಪಿ ಇನ್ನೊಂದು ಹಾದಿ ಹಿಡಿದಿದೆ. ಅಲ್ಲಿ ಹೆಸರಿನ ತಲೆಯಲ್ಲೇ ವಿಷಯ ಕೂತಿರುತ್ತದೆ: ಎಲಿಪ್ಟಿಕ್ ಕರ್ವ್‌ಗಳವು ‘ಎಲ್’ ಎಂದು, ಬಹುಪದೋಕ್ತಿಯವು ‘ಪಾಲ್’ ಎಂದು, ಮಾತೃಕೆಯವು ‘ಮ್ಯಾಟ್’ ಎಂದು ಆರಂಭವಾಗುತ್ತವೆ. ಅಕ್ಷರಕ್ರಮದಲ್ಲಿ ಜೋಡಿಸಿದರೂ ನೆಂಟರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಚಂದದ ವ್ಯವಸ್ಥೆಯೇ. ಆದರೆ ನಿರ್ಧಾರಕವನ್ನು ಡಿ ಅಕ್ಷರದಲ್ಲಿ ಹುಡುಕಿದವನಿಗೆ ‘ಮ್ಯಾಟ್‌ಡೆಟ್’ ಸಿಗುವುದಿಲ್ಲ, ಅವನು ಎಂ‌ಗೆ ಹೋಗಬೇಕು. ಪಾರಿಯ ‘ಸಾಲ್ವ್’ ಇನ್ನೂ ತಮಾಷೆಯದು. ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶದಲ್ಲಿ ಅದೇ ಹೆಸರಿನ ಫಂಕ್ಷನ್ ಸಮೀಕರಣವನ್ನು ಬೀಜಗಣಿತದ ರೀತಿಯಲ್ಲಿ ಬಿಡಿಸಿದರೆ, ಪಾರಿಯಲ್ಲಿ ಅದು ಎರಡು ಮಿತಿಗಳ ನಡುವೆ ಒಂದು ವಾಸ್ತವ ಮೂಲವನ್ನು ಅಂಕಿಗಳಲ್ಲಿ ಹುಡುಕುತ್ತದೆ. ಕೈಪಿಡಿಯಲ್ಲಿ ಅದರ ಮನೆ ಇರುವುದು ಮೊತ್ತ, ಗುಣಲಬ್ಧ, ಅನುಕಲನಗಳ ಅಧ್ಯಾಯದಲ್ಲಿ. ಮ್ಯಾಕ್ಸಿಮಾದಿಂದ ಬಂದವನು ಅಲ್ಲಿಗೆ ತಾನಾಗಿ ಹೋಗುವ ಸಂಭವ ಕಡಿಮೆ.

ಹಾಗಾಗಿ ನಿಯಮ ಹೀಗಿರಲಿ: ಒಂದು ಫಂಕ್ಷನ್ನಿಗೆ ಒಂದೇ ಮನೆ, ಬೇರೆ ವಿಷಯಗಳ ಕೊನೆಯಲ್ಲಿ ‘ಇದನ್ನೂ ನೋಡಿ’ ಎಂಬ ಸಾಲು. ಪೂರ್ತಿ ವಿವರವನ್ನು ಎರಡು ಕಡೆ ಬರೆದರೆ ವರ್ಷ ಕಳೆಯುವುದರೊಳಗೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ.

‘ಇತರೆ’ ಎಂಬ ಶೀರ್ಷಿಕೆಯ ಬಗ್ಗೆ ಒಂದು ಮಾತು. ಅದು ಮನೆಯ ಅಟ್ಟ ಇದ್ದ ಹಾಗೆ. ಮೇಲೆ ಹಾಕಿದ್ದು ಕೆಳಗೆ ಬರುವುದಿಲ್ಲ, ಇದೆಯೆಂಬುದೂ ನೆನಪಿರುವುದಿಲ್ಲ. ದೊಡ್ಡ ಯೋಜನೆಗಳಿಗೂ ಇದು ತಪ್ಪಿದ್ದಲ್ಲ: ಸೇಜ್‌ನ ಗ್ರಾಫ್ ಮಾಡ್ಯೂಲಿನ ಸೂಚಿಯಲ್ಲಿ ‘ಅಳಿದುಳಿದವು’ ಎಂಬ ಅರ್ಥದ ಗುಂಪೊಂದಿದೆ. ಅದೇ ಸೂಚಿಯಲ್ಲಿ ‘ಅಲ್ಗಾರಿದಂ ದೃಷ್ಟಿಯಿಂದ ಕಠಿಣವಾದವು’ ಎಂಬ ಗುಂಪೂ ಇದೆ, ಅದು ನನಗೆ ಬಹಳ ಹಿಡಿಸಿತು. ಗುಂಡಿ ಒತ್ತಿ ಟೀ ಕುಡಿದು ಬರಬೇಕಾದೀತು ಎಂಬ ಸುಳಿವು ಶೀರ್ಷಿಕೆಯಲ್ಲೇ ಸಿಕ್ಕಿಬಿಡುತ್ತದೆ. ‘ಇತರೆ’ಯನ್ನು ಪೂರ್ತಿ ತಪ್ಪಿಸಲಾಗದಿದ್ದರೆ ಅದಕ್ಕೊಂದು ಮಿತಿ ಹಾಕಿ. ನಾನು ಐದು ದಾಟಲು ಬಿಡುವುದಿಲ್ಲ. ಆರನೆಯದು ಬಂದಾಗ ಆರನ್ನೂ ಹರಡಿಕೊಂಡು ನೋಡಿದರೆ ಒಂದು ಹೊಸ ವಿಷಯ ಅಲ್ಲಿ ಅಡಗಿರುವುದು ಸಾಮಾನ್ಯವಾಗಿ ಕಾಣುತ್ತದೆ.

ಹಂತ 4: ಅಕ್ಷರಕ್ರಮದ ಸೂಚಿಯನ್ನು ಯಂತ್ರಕ್ಕೆ ಬಿಡಿ, ಕಣ್ಣು ಮಾತ್ರ ಇಟ್ಟಿರಿ

ವಿಷಯಸೂಚಿ ಇದೆಯೆಂದು ಅಕ್ಷರಕ್ರಮದ ಪಟ್ಟಿಯನ್ನು ಕೈಬಿಡುವಂತಿಲ್ಲ. ಹೆಸರು ಅರ್ಧ ನೆನಪಿದ್ದು ಪೂರ್ತಿ ಬರದವನಿಗೆ ಅದೇ ಗತಿ. ಇದನ್ನು ಸ್ಫಿಂಕ್ಸ್, ಟೆಕ್ಸಿನ್ಫೋ ಎರಡೂ ತಾವಾಗಿಯೇ ಹೆಣೆದು ಕೊಡುತ್ತವೆ. ಯಂತ್ರ ಎಡವುವ ಜಾಗಗಳು ಮಾತ್ರ ನಿಮಗೆ ಗೊತ್ತಿರಬೇಕು.

ದೊಡ್ಡಕ್ಷರ, ಚಿಕ್ಕಕ್ಷರ ಮೊದಲನೆಯದು. ಸರಳ ಕೋಡ್‌ಪಾಯಿಂಟ್ ಕ್ರಮದಲ್ಲಿ, ಅಂದರೆ ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಕೊಟ್ಟ ಸಂಖ್ಯೆಯ ಕ್ರಮದಲ್ಲಿ, ಎಲ್ಲ ದೊಡ್ಡಕ್ಷರಗಳೂ ಚಿಕ್ಕಕ್ಷರಗಳಿಗಿಂತ ಮುಂಚೆ ಬರುತ್ತವೆ, ಒಂದೇ ಅಕ್ಷರದ ಹೆಸರುಗಳು ಎರಡು ಪಾಲಾಗುತ್ತವೆ. ಜೋಡಿಸುವಾಗ ಈ ವ್ಯತ್ಯಾಸವನ್ನು ಕಡೆಗಣಿಸಲು ಹೇಳಿ.

ಚಿಹ್ನೆಗಳದ್ದು ಇನ್ನೊಂದು ಪೇಚು. ಮ್ಯಾಕ್ಸಿಮಾದಲ್ಲಿ ಪೈ, ಇ, ಐ ಮುಂತಾದ ಸ್ಥಿರಾಂಕಗಳ ಮುಂದೆ ಶೇಕಡಾ ಚಿಹ್ನೆ ಇರುತ್ತದೆ. %ಗಾಮಾ ಎಂದರೆ ಆಯ್ಲರನ ಸ್ಥಿರಾಂಕ. ಚಿಹ್ನೆಯಿಲ್ಲದ ಗಾಮಾ ಎಂದರೆ ಗಾಮಾ ಫಂಕ್ಷನ್. ಚಿಹ್ನೆಯನ್ನು ಲೆಕ್ಕಕ್ಕೆ ಹಿಡಿದು ಜೋಡಿಸಿದರೆ ಒಂದು ಪಟ್ಟಿಯ ತಲೆಗೂ ಇನ್ನೊಂದು ಜಿ ಅಕ್ಷರಕ್ಕೂ ಹೋಗಿ, ಅಣ್ಣತಮ್ಮಂದಿರು ಪಾಲಾದಂತೆ ಆಗುತ್ತದೆ. ಇಂಥವಕ್ಕೆ ಎರಡು ನಮೂದು ಕೊಡಿ: ಚಿಹ್ನೆಯ ಜೊತೆ ಒಂದು, ಚಿಹ್ನೆಯಿಲ್ಲದ ಅಕ್ಷರದಡಿ ಇನ್ನೊಂದು, ‘ಸ್ಥಿರಾಂಕ’ ಎಂಬ ಟಿಪ್ಪಣಿಯೊಂದಿಗೆ. ಭಾಗಾಕಾರ, ಟ್ರಾನ್ಸ್‌ಪೋಸ್, ಘಾತ ಮುಂತಾದ ಆಪರೇಟರ್‌ಗಳಿಗೂ ಇದೇ ಮಾತು. ಆಕ್ಟೇವ್‌ನ ಹಿಮ್ಮುಖ ಓರೆಗೆರೆ ಸಮೀಕರಣಗಳ ವ್ಯವಸ್ಥೆಯನ್ನೇ ಬಿಡಿಸುತ್ತದೆ. ಆದರೆ ಒಂದು ಗೆರೆಯನ್ನು ಯಾರು ಯಾವ ಅಕ್ಷರದಲ್ಲಿ ಹುಡುಕಬೇಕು? ‘ರೇಖೀಯ ಸಮೀಕರಣಗಳು’ ಎಂಬ ನಮೂದು ಇಲ್ಲದೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪೂರ್ವಾಕ್ಷರದ ಕಾಟ ನೋಡಬೇಕೆಂದರೆ ರೇಖೀಯ ಬೀಜಗಣಿತದ ಲೈಬ್ರರಿ ಲ್ಯಾಪ್ಯಾಕ್ ತೆರೆಯಿರಿ. ಅದು ಹುಟ್ಟಿದ ಕಾಲದ ಫೋರ್‌ಟ್ರಾನ್ 77 ಮಾನಕದಲ್ಲಿ ಹೆಸರಿಗೆ ಆರೇ ಅಕ್ಷರ. ಅಷ್ಟರಲ್ಲೇ ಎಲ್ಲವನ್ನೂ ತುರುಕಿದ್ದಾರೆ. ಡಿಜಿಇಎಸ್‌ವಿ ಎಂಬಲ್ಲಿ ಡಿ ಎಂದರೆ ಡಬಲ್ ಪ್ರಿಸಿಶನ್, ಜಿಇ ಎಂದರೆ ಸಾಮಾನ್ಯ ಮಾತೃಕೆ, ಎಸ್‌ವಿ ಎಂದರೆ ಬಿಡಿಸು. ಇದೇ ಕೆಲಸಕ್ಕೆ ಎಸ್, ಸಿ, ಝಡ್ ಅಕ್ಷರಗಳಿಂದ ಶುರುವಾಗುವ ಇನ್ನೂ ಮೂರು ಸಹೋದರರಿದ್ದಾರೆ. ಸುಮ್ಮನೆ ಅಕ್ಷರಕ್ರಮದಲ್ಲಿ ಇಟ್ಟರೆ ಇಡೀ ಲೈಬ್ರರಿ ನಾಲ್ಕು ಅಕ್ಷರಗಳಡಿ ನಾಲ್ಕು ಸಲ ಅಚ್ಚಾಗುತ್ತದೆ. ಮೊದಲ ಅಕ್ಷರವನ್ನು ಬದಿಗಿಟ್ಟು, ಜಿಇಎಸ್‌ವಿ ಎಂಬ ಒಂದೇ ನಮೂದಿನಡಿ ನಾಲ್ಕನ್ನೂ ಸೇರಿಸುವುದೇ ಲೇಸು. ನಿಮ್ಮ ಎಲ್ಲ ಫಂಕ್ಷನ್‌ಗಳಿಗೂ ಲೈಬ್ರರಿಯ ಹೆಸರೇ ಪೂರ್ವಾಕ್ಷರವಾಗಿದ್ದರೂ ಹೀಗೇ ಮಾಡಿ.

ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ನಮ್ಮದೇ ಒಂದು ತೊಡಕಿದೆ. ವರ್ಣಮಾಲೆಯಲ್ಲಿ ಹ ಆದಮೇಲೆ ಬರಬೇಕಾದ ಳ, ಯೂನಿಕೋಡ್‌ನಲ್ಲಿ ಲ ಮತ್ತು ವ ನಡುವೆ ಕೂತಿದೆ. ಪೈಥಾನಿನ ಸಾದಾ ಜೋಡಣೆ ಅದನ್ನೇ ಅನುಸರಿಸುತ್ತದೆ. ‘ಬಳಕೆ’ ಎಂಬ ಪದ ‘ಬಹುಪದೋಕ್ತಿ’ಗಿಂತ ಮೊದಲು ಬಂದುಬಿಡುತ್ತದೆ, ನಿಘಂಟು ನೋಡಿ ಅಭ್ಯಾಸವಿದ್ದವರು ಹುಬ್ಬೇರಿಸುತ್ತಾರೆ. ಜೋಡಿಸುವ ಕೀಲಿಯಲ್ಲಿ ಳ ಅಕ್ಷರವನ್ನು ಹ ನಂತರಕ್ಕೆ ಸರಿಸುವುದು ಎರಡು ಸಾಲಿನ ಕೆಲಸ.

ಹಂತ 5: ಓದುಗರ ಬಾಯಲ್ಲಿರುವ ಪದಗಳನ್ನು ಸೇರಿಸಿ

ಒಂದೇ ವಸ್ತುವಿಗೆ ಗಣಿತದಲ್ಲಿ ಹತ್ತು ಹೆಸರು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲೇ ವರ್ಗ ಸಮೀಕರಣಕ್ಕೆ ‘ಮೂಲಗಳು’, ಬಹುಪದೋಕ್ತಿಗೆ ‘ಶೂನ್ಯತೆಗಳು’. ಸ್ವಾಭಾವಿಕ ಲಘುಗಣಕವನ್ನು ಕೆಲವರು ‘ಎಲ್‌ಎನ್’ ಎನ್ನುತ್ತಾರೆ, ಬಹುತೇಕ ತಂತ್ರಾಂಶಗಳು ‘ಲಾಗ್’ ಎನ್ನುತ್ತವೆ. ವಿಲೋಮ ಸೈನ್ ಕೆಲವೆಡೆ ‘ಆರ್ಕ್‌ಸೈನ್’, ಕೆಲವೆಡೆ ‘ಎಸೈನ್’. ಸ್ಪ್ರೆಡ್‌ಶೀಟಿನ ನಾಲ್ಕನೆಯ ಕಾಲಂ ಇರುವುದು ಇದಕ್ಕೇ. ಪ್ರತಿ ಫಂಕ್ಷನ್ನಿನ ಮುಂದೆ ಕೂತು, ಇದನ್ನು ಬೇರೆ ತಂತ್ರಾಂಶದಲ್ಲಿ, ತರಗತಿಯಲ್ಲಿ, ಪಠ್ಯಪುಸ್ತಕದಲ್ಲಿ ಏನೆನ್ನುತ್ತಾರೆ ಎಂದು ಕೇಳಿಕೊಳ್ಳಿ.

ಉಪಕರಣಗಳು ಇದಕ್ಕೆ ಸಿದ್ಧವಾಗಿಯೇ ಇವೆ. ಟೆಕ್ಸಿನ್ಫೋದಲ್ಲಿ ಆರು ಸೂಚಿಗಳು ಹುಟ್ಟಿನಿಂದಲೇ ಬರುತ್ತವೆ. ಫಂಕ್ಷನ್‌ಗಳಿಗೆ ಒಂದು, ಪರಿಕಲ್ಪನೆಗಳಿಗೆ ಒಂದು, ವೇರಿಯಬಲ್‌ಗಳಿಗೆ ಒಂದು, ಹೀಗೆ. ಬೇಕೆಂದರೆ ಒಂದನ್ನು ಇನ್ನೊಂದರೊಳಗೆ ಬೆರೆಸಬಹುದು. ಬೆರೆಸಿಬಿಡಿ ಎಂಬುದು ನನ್ನ ಅಭಿಪ್ರಾಯ. ತನ್ನ ತಲೆಯಲ್ಲಿರುವ ಪದ ಫಂಕ್ಷನ್ನಿನ ಹೆಸರೋ, ಬರೀ ಪರಿಕಲ್ಪನೆಯೋ ಎಂಬುದು ಹುಡುಕುವವನಿಗೆ ಹೇಗೆ ಗೊತ್ತಾಗಬೇಕು? ಸ್ಫಿಂಕ್ಸ್‌ನಲ್ಲಿ ‘ಪೇರ್’ ಎಂಬ ಸೌಲಭ್ಯವಿದೆ. ಮಾತೃಕೆ, ನಿರ್ಧಾರಕ ಎಂದು ಒಂದು ಜೋಡಿ ಬರೆದರೆ ಮಾತೃಕೆಯಡಿ ನಿರ್ಧಾರಕವೂ, ನಿರ್ಧಾರಕದಡಿ ಮಾತೃಕೆಯೂ ಬರುತ್ತದೆ. ಒಂದು ಸಾಲಿನ ಶ್ರಮಕ್ಕೆ ಎರಡು ಬಾಗಿಲು.

‘ನೋಡಿ’ ಮತ್ತು ‘ಇದನ್ನೂ ನೋಡಿ’ ನಡುವಿನ ಅಂತರವನ್ನು ಕಾಯ್ದುಕೊಳ್ಳಿ. ಮೊದಲನೆಯದರ ಅರ್ಥ, ಇಲ್ಲಿ ಏನೂ ಇಲ್ಲ, ಅಲ್ಲಿಗೆ ಹೋಗಿ ಎಂದು. ಎರಡನೆಯದು, ಇಲ್ಲಿಯೂ ಇದೆ, ಅಲ್ಲಿಯೂ ಇದೆ ಎಂದು. ನನ್ನ ಒಂದು ಹಳೆಯ ಕರಡಿನಲ್ಲಿ ‘ಅಪವರ್ತನ: ವಿಭಜನೆ ನೋಡಿ’ ಎಂದೂ, ‘ವಿಭಜನೆ: ಅಪವರ್ತನ ನೋಡಿ’ ಎಂದೂ ಇತ್ತು. ಸರ್ಕಾರಿ ಕಚೇರಿಯಲ್ಲಿ ಐದನೇ ಕೌಂಟರಿನವರು ಎಂಟಕ್ಕೆ, ಎಂಟರವರು ಐದಕ್ಕೆ ಕಳಿಸುವ ಹಾಗೆ.

ಈ ಶ್ರಮದ ಫಲ ಸೂಚಿ ಪುಟಕ್ಕಷ್ಟೇ ಸೀಮಿತವಲ್ಲ. ಪಾರಿ/ಜಿಪಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಗೆ ಚುಟುಕು ಸಹಾಯ, ಎರಡಕ್ಕೆ ಕೈಪಿಡಿಯ ಪೂರ್ಣ ಭಾಗ, ಮೂರಕ್ಕೆ ಪದ ಹಿಡಿದು ಕೈಪಿಡಿಯಲ್ಲಿ ಹುಡುಕಾಟ. ಮ್ಯಾಕ್ಸಿಮಾದಲ್ಲಿ ಒಂದು ಚಿಹ್ನೆಗೆ ಅದೇ ಹೆಸರು, ಎರಡಕ್ಕೆ ಹತ್ತಿರದ ಹೆಸರುಗಳೂ ಸಿಗುತ್ತವೆ. ನೀವೂ ಇಂಥ ಸಹಾಯವನ್ನು ಕೊಡುವುದಾದರೆ ಅದೇ ಸ್ಪ್ರೆಡ್‌ಶೀಟಿನಿಂದ ಅದಕ್ಕೂ ಉಣಿಸಿ.

ಹಂತ 6: ಸತ್ತ ಹೆಸರುಗಳಿಗೂ ಜಾಗ ಬಿಡಿ

ಪೈಥಾನಿನ ನಮ್‌ಪೈ ಲೈಬ್ರರಿಯ 2.0 ಆವೃತ್ತಿ ಬಂದಾಗ ‘ಟ್ರಾಪ್‌ಝಡ್’ ಹಳತಾಗಿ ‘ಟ್ರಪೆಜಾಯ್ಡ್’ ಬಂತು. ಸೈಪೈಯಲ್ಲಿ ‘ಸಿಂಪ್ಸ್’ ಹೋಗಿ ‘ಸಿಂಪ್ಸನ್’ ಉಳಿಯಿತು. ಆದರೆ ಹಳೆಯ ಪಾಠಗಳಲ್ಲಿ, ಪ್ರಯೋಗಾಲಯದ ನೋಟ್ಸುಗಳಲ್ಲಿ ಹಳೆಯ ಹೆಸರೇ ಇನ್ನೂ ಇದೆ. ಸೂಚಿಯಲ್ಲಿ ಹಳೆಯ ಹೆಸರು, ತೆಗೆದುಹಾಕಿದ ಆವೃತ್ತಿ, ‘ಹೊಸದನ್ನು ನೋಡಿ’ ಎಂಬ ಸಾಲು, ಇಷ್ಟನ್ನು ಕೆಲವು ವರ್ಷವಾದರೂ ಉಳಿಸಿ.

ಹಂತ 7: ಕಾವಲು ಹಾಕಿ

ಸೂಚಿ ಹಾಳಾಗುವುದು ಒಂದೇ ದಿನದಲ್ಲಲ್ಲ. ಹೊಸ ಫಂಕ್ಷನ್ ಸೇರಿಸಿದವರು ಸೂಚಿಯನ್ನು ಮರೆಯುತ್ತಾರೆ, ಅಷ್ಟೇ. ಆರ್ ಭಾಷೆಯ ‘ಪ್ಯಾಕೇಜ್‌ಡೌನ್’ ಉಪಕರಣ ಇದಕ್ಕೆ ಖಡಾಖಂಡಿತ ಮದ್ದು ಅರೆದಿದೆ: ವಿಷಯಸೂಚಿಯನ್ನು ನೀವೇ ಬರೆದಿದ್ದು, ಅದರಲ್ಲಿ ಒಂದು ಸಹಾಯಪುಟ ಬಿಟ್ಟುಹೋಗಿದ್ದರೆ, ತಪಾಸಣೆ ಅಲ್ಲೇ ನಿಲ್ಲುತ್ತದೆ. ನೀವೂ ಹಂತ 1ರ ಸ್ಕ್ರಿಪ್ಟನ್ನು ಪ್ರತಿ ಬಿಲ್ಡ್‌ನಲ್ಲೂ, ಅಂದರೆ ತಂತ್ರಾಂಶವನ್ನು ಹೊಸದಾಗಿ ಸಿದ್ಧಪಡಿಸುವ ಪ್ರತಿ ಸಲವೂ, ಓಡಿಸಿ. ಕೋಡಿನಲ್ಲಿದ್ದು ಸೂಚಿಯಲ್ಲಿಲ್ಲದ್ದು, ಸೂಚಿಯಲ್ಲಿದ್ದು ಕೋಡಿನಲ್ಲಿಲ್ಲದ್ದು, ಮೊದಲ ಸಾಲು ಖಾಲಿ ಇರುವುದು, ಈ ಮೂರರಲ್ಲಿ ಯಾವುದು ಕಂಡರೂ ಬಿಲ್ಡ್ ನಿಲ್ಲಲಿ. ಎಚ್ಚರಿಕೆ ಕೊಟ್ಟು ಮುಂದೆ ಹೋದರೆ ಆ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ.

ಹಂತ 8: ಹುಡುಕುವವರ ಪಕ್ಕದಲ್ಲಿ ಕೂರಿ

ಲೈಬ್ರರಿಯನ್ನು ನೋಡಿರದ ಇಬ್ಬರು ಮೂವರು ಸಾಕು. ಐದು ಲೆಕ್ಕ ಕೊಡಿ, ಫಂಕ್ಷನ್ನಿನ ಹೆಸರು ಹೇಳಬೇಡಿ, ಸಹಾಯಕ್ಕೂ ಹೋಗಬೇಡಿ. ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟ, ಆದರೂ ಮುಚ್ಚಿಕೊಂಡಿರಿ. ಅವರು ಮೊಟ್ಟಮೊದಲು ಹುಡುಕಿದ ಪದ ಯಾವುದು ಎಂಬುದನ್ನು ಮಾತ್ರ ಬರೆದುಕೊಳ್ಳಿ. ಎರಡನೆಯ ಪದದ ಹೊತ್ತಿಗೆ ಅವರು ನಿಮ್ಮ ಭಾಷೆಗೆ ಹೊಂದಿಕೊಳ್ಳಲು ಶುರುಮಾಡಿರುತ್ತಾರೆ. ಮೊದಲ ಪದವೇ ಅವರ ಸ್ವಂತದ್ದು.

ಆ ಗೆಳೆಯನನ್ನೂ ಆಮೇಲೆ ಕೇಳಿದೆ. ‘ರೂಟ್ಸ್’ಗೆ ಹೋಗುವ ಮುಂಚೆ ಅವನು ನೋಡಿದ್ದು ‘ಇಂಟರ್‌ಸೆಕ್ಟ್’. ಎರಡು ವಕ್ರರೇಖೆಗಳು ಒಂದನ್ನೊಂದು ಕತ್ತರಿಸುವ ಜಾಗ ತಾನೇ ಅವನಿಗೆ ಬೇಕಿದ್ದುದು! ಆಕ್ಟೇವ್‌ನಲ್ಲಿ ಆ ಹೆಸರಿನ ಫಂಕ್ಷನ್ ಇದೆ, ಅದು ಕೊಡುವುದು ಎರಡು ಗಣಗಳ ಛೇದನವನ್ನು. ಈಗ ನಾನು ಕಟ್ಟುವ ಯಾವುದೇ ಸೂಚಿಯಲ್ಲಿ ಆ ಜಾಗದಲ್ಲಿ ಎರಡು ಸಾಲು ಇರುತ್ತವೆ: ‘ಛೇದನ, ಗಣಗಳದ್ದು’ ಎಂದು ಒಂದು, ಅದರ ಕೆಳಗೆ ‘ಛೇದನ, ವಕ್ರರೇಖೆಗಳದ್ದು: ಸಮೀಕರಣದ ಮೂಲ ನೋಡಿ’.